ಮೆಡಿಕಲ್‌ನಲ್ಲಿ ಶೇಕಡಾ ನೋಡಬೇಡಿ, ಮಾತ್ರೆಯ ಲೆಕ್ಕ ಹಾಕಿ
ಉಡುಪಿ–ಮಣಿಪಾಲದ ಮೆಡಿಕಲ್‌ಗಳಲ್ಲಿ ಕೂಪನ್ ತೋರಿಸುವ ಮೊದಲು ಒಂದು ಮಾತ್ರೆಗೆ ಎಷ್ಟು ಬೀಳುತ್ತದೆ ನೋಡಿ. ರಿಯಾಯಿತಿ ಸಿಗುವುದು ಎಂಆರ್‌ಪಿ ಮೇಲೆ, ಅದೇ ಔಷಧಕ್ಕೆ ಕಂಪೆನಿಗೊಂದು ಎಂಆರ್‌ಪಿ. ಸ್ಟ್ರಿಪ್‌ನಲ್ಲಿ 10 ಮಾತ್ರೆಯೋ 15ಓ ಅದೂ ಬೇರೆ. 150 ರೂಪಾಯಿಗೆ 10 ಮಾತ್ರೆ ಇದ್ದರೆ ಶೇ. 20 ಬಿಟ್ಟರೂ ಒಂದಕ್ಕೆ 12 ರೂಪಾಯಿ. 120ಕ್ಕೆ 15 ಇದ್ದರೆ ಕೂಪನ್ ಇಲ್ಲದೆಯೇ 8. ಹೆಸರು ಬೇರೆಯಾದರೂ ಸ್ಟ್ರಿಪ್ ಹಿಂದೆ ಬರೆದ ಔಷಧ, ಮಿಲಿಗ್ರಾಂ ಎರಡೂ ಒಂದೇ ಇರಬೇಕು, ಬದಲಿಸುವ ಮೊದಲು ಡಾಕ್ಟರಲ್ಲಿ ಒಮ್ಮೆ ಕೇಳಿ. ಥೈರಾಯ್ಡ್, ಫಿಟ್ಸ್ ಮಾತ್ರೆಗಳಿಗೆ ಮಾತ್ರ ಈ ಉಪಾಯ ಬೇಡವೇ ಬೇಡ, ಸಣ್ಣ ವ್ಯತ್ಯಾಸವೂ ತೊಂದರೆ ಕೊಡಬಹುದು. ಕೂಪನ್‌ಗೆ ಬೇಕಾದ ಕನಿಷ್ಠ ಬಿಲ್ ಮುಟ್ಟಿಸಲು ಖಾಯಂ ಮಾತ್ರೆಯನ್ನೇ ಎರಡು ತಿಂಗಳಿಗೆ ಆಗುವಷ್ಟು ಖರೀದಿಸಿ. ಆದರೆ ನಮ್ಮ ಮಳೆಗಾಲದಲ್ಲಿ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ, ತೇವ ಹಿಡಿಯುತ್ತದೆ.