ಕೆಂಚನನ್ನು ಕಳಿಸಿಕೊಟ್ಟ ಬಗೆ

ಹದಿನಾಲ್ಕು ವರ್ಷ ನಮ್ಮ ಅಂಗಳ ಕಾಯ್ದ ನಾಯಿ ಕೆಂಚನಿಗೆ ಮೂತ್ರಪಿಂಡ ಕೈಕೊಟ್ಟಿದೆ ಎಂಬುದು ನಮಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಆ ಮಳೆಗಾಲದಲ್ಲಿ ಅವನು ಕೊಟ್ಟಿಗೆಯ ಬಾನಿಯ ನೀರನ್ನೂ ಬಿಡದೆ ಕುಡಿಯುತ್ತಿದ್ದುದನ್ನು ಕಂಡು, ವಯಸ್ಸಾಯಿತು, ದಾಹ ಹೆಚ್ಚು ಎಂದುಕೊಂಡು ಸುಮ್ಮನಿದ್ದೆವು. ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ 7 ದಾಟಿತ್ತು. ಅದು ಸುಮಾರು ಒಂದೂವರೆಯ ಒಳಗಿರಬೇಕಂತೆ. ಕಾಲು ನೋವಿರಬಹುದೆಂದು ಮನೆಯಲ್ಲಿದ್ದ ಮೈಕೈ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಕೊಡಲು ಹೊರಟಿದ್ದ ನನ್ನನ್ನು ಪಶುವೈದ್ಯರು ಫೋನಿನಲ್ಲೇ ತಡೆದರು. ನಾವು ನುಂಗುವ ಅಂಥ ಮಾತ್ರೆಗಳಲ್ಲಿ ಹಲವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಉಳಿದಷ್ಟು ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಬೆನ್ನಿನ ಸಡಿಲ ಚರ್ಮವನ್ನೆತ್ತಿ ಅದರಡಿಗೆ ಸಲೈನ್ ಇಳಿಸುವುದನ್ನು ಕಲಿತೆ. ಒಂದು ತಿಂಗಳು ಹಾಗೆ ನಡೆಯಿತು. ಗುಣವಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಯಾವಾಗ ಸಾಕು ಎಂದು ಇಂಜೆಕ್ಷನ್ ಕೊಡಿಸಿ ಕಳಿಸಿಕೊಡಬೇಕೆಂಬುದನ್ನು ಮಾತ್ರ ಮನೆಯವರಿಗೇ ಬಿಟ್ಟಿದ್ದರು. ಅದಕ್ಕೆ ನಾನು ಕಂಡುಕೊಂಡ ದಾರಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಅಂದು ತಾನಾಗಿ ಉಂಡನೇ, ಎದ್ದು ಹೋಗಿ ಮೂತ್ರ ಮಾಡಿದನೇ, ಅಮ್ಮ ಕೊಟ್ಟಿಗೆಯಿಂದ ಹಾಲಿನ ತಂಬಿಗೆ ತರುವಾಗ ಬಾಲ ಆಡಿಸಿದನೇ ಎಂಬ ಮೂರನ್ನೇ ನೋಡಿ, ಎರಡಾದರೂ ಹೌದು ಎಂದಾದರೆ ಗೆರೆ, ಇಲ್ಲವಾದರೆ ಸೊನ್ನೆ ಹಾಕುತ್ತಿದ್ದೆ. ನಿನ್ನೆಯ ಕಷ್ಟವನ್ನು ಇಂದಿನ ಒಂದು ತುತ್ತು ಮರೆಸಿಬಿಡುತ್ತದೆ. ಬರೆದಿಟ್ಟದ್ದು ಹಾಗೆ ಮರೆಯಲು ಬಿಡುವುದಿಲ್ಲ.

ಸಾಲಾಗಿ ಐದು ಸೊನ್ನೆ ಬಿದ್ದಾಗಲೇ ಡಾಕ್ಟರನ್ನು ಕರೆಯಬೇಕಿತ್ತು. ಬೆಂಗಳೂರಿನಲ್ಲಿರುವ ತಮ್ಮ ಬಂದು ನೋಡಲಿ ಎಂದು ಇನ್ನೂ ಒಂಬತ್ತು ದಿನ ದೂಡಿದೆ. ಆ ಒಂಬತ್ತು ದಿನ ಕೆಂಚ ಬಚ್ಚಲ ಒಲೆಯ ಪಕ್ಕದಿಂದ ಏಳದೆ, ಬಾಯಲ್ಲಿ ಹುಣ್ಣಾಗಿ, ಮಜ್ಜಿಗೆ ಅನ್ನದ ನೀರನ್ನೂ ಮುಖ ತಿರುಗಿಸಿ ಬೇಡವೆಂದ. ತಮ್ಮನ ನೆಪ ಹೇಳಿದೆನಾದರೂ ನಿಜವಾಗಿ ಸಮಯ ಬೇಕಾಗಿದ್ದುದು ನನಗೇ. ಮಾಡಿದ್ದರಲ್ಲಿ ತಪ್ಪೆಂದು ಈಗಲೂ ಅನ್ನಿಸುವುದು ಇದೊಂದೇ.

ಮನೆಗೇ ಬರಲು ಡಾಕ್ಟರು ಒಪ್ಪಿದ್ದರಿಂದ ಅವನನ್ನು ಜೀಪಿಗೆ ಹತ್ತಿಸುವ ಸಂಕಟ ತಪ್ಪಿತು. ಬೆಳಗಿನ ಬಿಸಿಲು ಬೀಳುವ ಜಗಲಿಯ ಮೂಲೆಯಲ್ಲಿ ಕಂಬಳಿ ಹಾಸಿ, ಅದರಡಿಗೆ ಪ್ಲಾಸ್ಟಿಕ್ ಹಾಳೆ ಇಟ್ಟೆವು. ಮೊದಲು ತೊಡೆಗೆ ಮಂಪರಿನ ಇಂಜೆಕ್ಷನ್. ಹತ್ತು ನಿಮಿಷದಲ್ಲಿ ತಲೆ ಅಮ್ಮನ ಮಡಿಲಿಗೆ ಭಾರವಾಯಿತು. ಆಮೇಲೆ ಮುಂಗಾಲಿನ ರೋಮ ಬೋಳಿಸಿ, ರಕ್ತನಾಳಕ್ಕೆ ಸೂಜಿ ಕೂರಿಸಿ, ಅರಿವಳಿಕೆಗೆ ಬಳಸುವ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ಏರಿಸಿದರು. ಅದು ಪೂರ್ತಿ ಒಳಗೆ ಹೋಗುವ ಮೊದಲೇ ಉಸಿರು ನಿಂತಿತ್ತು. ಕಣ್ಣು ತೆರೆದೇ ಇರುತ್ತದೆ, ಮೂತ್ರ ಹೋಗುತ್ತದೆ, ಜೀವ ಹೋದ ಮೇಲೂ ಒಂದೆರಡು ಸಲ ಎದೆ ಎಳೆದಂತಾಗಬಹುದು ಎಂದು ಡಾಕ್ಟರು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ಎದೆ ಎಳೆದಾಗ ಬದುಕಿದ್ದಾನೆ ಎಂದು ತಮ್ಮ ಕೂಗಿಕೊಳ್ಳಲಿಲ್ಲ. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದ ಮೇಲಷ್ಟೇ ಡಾಕ್ಟರು ಆಯಿತು ಎಂದರು.

ಗುಂಡಿಯನ್ನು ಹಿಂದಿನ ಸಂಜೆಯೇ ತೋಡಿಸಿದ್ದೆ, ಏಕೆಂದರೆ ಹೆಣವನ್ನಿಟ್ಟುಕೊಂಡು ಜಂಬಿಟ್ಟಿಗೆಯ ಗಟ್ಟಿ ನೆಲಕ್ಕೆ ಹಾರೆ ಹಾಕುತ್ತಾ ಕೂರುವುದು ಮನೆಯವರಿಗೆ ಎರಡನೆಯ ಶಿಕ್ಷೆ. ಬಾವಿಯಿಂದಲೂ ತೋಟದ ಕಾಲುವೆಯಿಂದಲೂ ದೂರದ ಎತ್ತರದ ಜಾಗ ಆರಿಸಿ, ನಾಲ್ಕು ಅಡಿಗಿಂತ ಆಳ ಇಳಿಸಿದೆವು. ಆ ಔಷಧಿ ಸತ್ತ ಮೈಯಲ್ಲಿಯೂ ಉಳಿಯುತ್ತದೆ. ನರಿಯೋ ಹಂದಿಯೋ ಕೆದಕಿ ತಿಂದರೆ ಅವೂ ಸಾಯಬಹುದು. ಅಡಿಕೆ ಹಾಳೆಗಳ ಮೇಲೆ, ಅವನದೇ ಕಂಬಳಿಯಲ್ಲಿ ಸುತ್ತಿ ಮಲಗಿಸಿ, ಅಮ್ಮ ಉಪ್ಪು ಹಾಕಿದರು, ಮಣ್ಣು ಮುಚ್ಚಿ ಕಲ್ಲು ಹೇರಿದೆವು.

ನಾಯಿಗೆ ಕಲ್ಲು ನಿಲ್ಲಿಸುವುದುಂಟೇ ಎಂದು ಪಕ್ಕದ ಮನೆಯವರು ನಕ್ಕರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಅದರೊಡೆಯ ಮಣಲೇರ ಹತ್ತನೆಯ ಶತಮಾನದಲ್ಲೇ ಕಲ್ಲು ನಿಲ್ಲಿಸಿದ್ದಾನೆ, ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ ಎಂದು ಹೇಳಿದೆ. ನಮ್ಮ ಕೆಂಚ ಹಂದಿಯ ವಾಸನೆ ಬಡಿದರೆ ಒಲೆಯ ಹಿಂದೆ ಅಡಗುತ್ತಿದ್ದವನು. ಆ ಮಾತನ್ನು ಅಲ್ಲಿ ಎತ್ತಲಿಲ್ಲ.

ತಮ್ಮನ ಏಳು ವರ್ಷದ ಮಗಳಿಗೆ ಹೇಳುವಾಗ, ಡಾಕ್ಟರು ಅವನನ್ನು ಮಲಗಿಸಿದರು ಎನ್ನಬೇಡಿ ಎಂದು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೆ. ಕಾಯಿಲೆ ವಾಸಿಯಾಗದ್ದು, ಸತ್ತುಹೋಗಲು ಡಾಕ್ಟರು ಸಹಾಯ ಮಾಡಿದರು, ಇನ್ನು ಬರುವುದಿಲ್ಲ ಎಂದೇ ಹೇಳಿದೆವು. ಅವಳು ಅತ್ತಳು, ಆದರೆ ಅಂದು ರಾತ್ರಿ ಮಲಗಲು ಹೆದರಲಿಲ್ಲ. ಮನೆಯ ಇನ್ನೊಂದು ನಾಯಿಗೂ ಮಣ್ಣು ಮಾಡುವ ಮೊದಲು ಹತ್ತಿರ ಹೋಗಲು ಬಿಟ್ಟೆವು. ಅದು ಕಿವಿಯ ಹತ್ತಿರ ಎರಡು ಸಲ ಮೂಸಿ, ಹೋಗಿ ಕೊಟ್ಟಿಗೆಯ ದರಗಿನ ರಾಶಿಯ ಮೇಲೆ ಕುಳಿತಿತು, ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಉಳಿದಿದ್ದ ನಾಲ್ಕು ಸಲೈನ್ ಬಾಟಲಿಗಳನ್ನು ಮರುವಾರ ಡಾಕ್ಟರಿಗೆ ಕೊಟ್ಟುಬಂದೆ. ಯಾರದೋ ಮನೆಯ ಇಂಥದ್ದೇ ಮುದಿ ನಾಯಿಗೆ ಅಂದು ಸಂಜೆಗೇ ಬೇಕಿತ್ತೆಂದು ಅವರು ಅವನ್ನು ಚೀಲದಿಂದ ತೆಗೆದು ಮೇಜಿನ ಮೇಲೇ ಇಟ್ಟುಕೊಂಡರು.