ಒಂದು ಸಂಖ್ಯೆಗೆ ಎಷ್ಟು ಭಾಜಕಗಳಿವೆ ಎಂದು ಎಣಿಸುವ ಬಗೆ

ಜಪಮಾಲೆಯ 108 ಮಣಿಗಳನ್ನು ಒಂದೂ ಉಳಿಯದಂತೆ ಸಮನಾದ ಗುಂಪುಗಳಾಗಿ ಎಷ್ಟು ಬಗೆಯಲ್ಲಿ ವಿಂಗಡಿಸಬಹುದು ಎಂಬ ಪ್ರಶ್ನೆಯೂ, 108ಕ್ಕೆ ಎಷ್ಟು ಭಾಜಕಗಳಿವೆ ಎಂಬ ಪ್ರಶ್ನೆಯೂ ಒಂದೇ (ಇಡೀ ಮಾಲೆಯನ್ನು ಒಂದೇ ಗುಂಪೆಂದು ಎಣಿಸುವುದೂ ಒಂದು ಬಗೆಯೇ). 1ರಿಂದ 108ರವರೆಗೆ ಒಂದೊಂದರಿಂದಲೂ ಭಾಗಿಸಿ ನೋಡಿದರೆ ಉತ್ತರ ಸಿಕ್ಕೇ ಸಿಗುತ್ತದೆ. ಆದರೆ ಅವಿಭಾಜ್ಯ ಅಪವರ್ತನಗಳನ್ನು ಹಿಡಿದು ಹೊರಟರೆ ಐದಾರು ಭಾಗಾಕಾರಗಳಲ್ಲೇ ಕೆಲಸ ಮುಗಿಯುತ್ತದೆ.

ಮೊದಲು 108ನ್ನು 2ರಿಂದ ಭಾಗವಾಗುವಷ್ಟು ಸಲ ಭಾಗಿಸಬೇಕು: 54, ಆಮೇಲೆ 27. ಇದು ಬೆಸ ಸಂಖ್ಯೆಯಾದ್ದರಿಂದ 2ರ ಸರದಿ ಅಲ್ಲಿಗೆ ಮುಗಿಯಿತು. ಮುಂದೆ 3ರಿಂದ ಭಾಗಿಸುತ್ತ ಹೋದರೆ 9, 3, 1 ಬರುತ್ತವೆ. ಅಂದರೆ 108 = 2² × 3³. ಈಗ ಪ್ರತಿಯೊಂದು ಘಾತಸೂಚಿಗೂ 1 ಕೂಡಿಸಿ, ಬಂದ ಮೊತ್ತಗಳನ್ನು ಗುಣಿಸಬೇಕು: (2 + 1) × (3 + 1) = 12.

ಆ 1 ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಸೂತ್ರವನ್ನು ಬಾಯಿಪಾಠ ಮಾಡಿದವರು ಅದನ್ನು ಮರೆಯುವುದೇ ಹೆಚ್ಚು. 108ರ ಯಾವುದೇ ಭಾಜಕವನ್ನು ಕಟ್ಟುವಾಗ 2ನ್ನು ಬಿಟ್ಟುಬಿಡಬಹುದು, ಒಂದು ಸಲ ಬಳಸಬಹುದು ಅಥವಾ ಎರಡು ಸಲ ಬಳಸಬಹುದು. ಹೀಗೆ ಬಿಟ್ಟುಬಿಡುವುದೂ ಒಂದು ಆಯ್ಕೆಯಾದ್ದರಿಂದ ಆಯ್ಕೆಗಳು ಮೂರಾಗುತ್ತವೆ. ಅದೇ ರೀತಿ 3ಕ್ಕೆ ನಾಲ್ಕು ಆಯ್ಕೆಗಳಿವೆ. ಬರೆದೇ ನೋಡೋಣ:

2 ಇಲ್ಲದೆ: 1, 3, 9, 27
2 ಒಂದು ಸಲ: 2, 6, 18, 54
2 ಎರಡು ಸಲ: 4, 12, 36, 108

ಒಂದು ಸಂಖ್ಯೆಯನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬಿಡಿಸುವ ರೀತಿ ಒಂದೇ ಆಗಿರುವುದರಿಂದ ಈ ಮೂರು ಸಾಲುಗಳಲ್ಲಿ ಯಾವುದೂ ಎರಡು ಸಲ ಬರುವುದಿಲ್ಲ.

ತಪ್ಪಾಗುವುದು ಸಾಮಾನ್ಯವಾಗಿ ಬಿಡಿಸುವ ಹಂತದಲ್ಲಿ. 2023ನ್ನು 7ರಿಂದ ಭಾಗಿಸಿದರೆ 289 ಉಳಿಯುತ್ತದೆ; ನೋಡಲು ಅದು ಅವಿಭಾಜ್ಯದಂತೆಯೇ ಇರುವುದರಿಂದ 2 × 2 = 4 ಎಂದು ಬರೆದುಬಿಡುವವರಿದ್ದಾರೆ. ಆದರೆ 289 ಎಂದರೆ 17ರ ವರ್ಗ; ಹಾಗಾಗಿ ಸರಿಯಾದ ಉತ್ತರ 2 × 3 = 6. ಉಳಿದ ಸಂಖ್ಯೆ ಅವಿಭಾಜ್ಯವೆಂದು ಹೇಳುವ ಮೊದಲು ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಲೇಬೇಕು.

ಉತ್ತರವನ್ನು ತಾಳೆ ನೋಡಲು ಒಂದು ಸುಲಭ ಉಪಾಯವಿದೆ. ಭಾಜಕಗಳು 4 × 27 ಎಂಬಂತೆ ಜೋಡಿಯಾಗಿ ಬರುವುದರಿಂದ ಅವುಗಳ ಎಣಿಕೆ ಸಮಸಂಖ್ಯೆಯಾಗಿರುತ್ತದೆ. 144ರಂಥ ಪೂರ್ಣ ವರ್ಗದಲ್ಲಿ ಮಾತ್ರ 12 ತನಗೆ ತಾನೇ ಜೋಡಿಯಾಗಿ ಎಣಿಕೆ 15, ಅಂದರೆ ಬೆಸವಾಗುತ್ತದೆ.

ಘಾತಸೂಚಿಗಳು ಹೆಚ್ಚಿದ್ದರೂ ವಿಧಾನ ಬದಲಾಗದು. 5040 = 2⁴ × 3² × 5 × 7 ಆದ್ದರಿಂದ ಅದರ ಭಾಜಕಗಳು 5 × 3 × 2 × 2 = 60. ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿಲ್ಲ. ಶ್ರೀನಿವಾಸ ರಾಮಾನುಜನ್ 1915ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದ ವಸ್ತು ಇಂಥ ಸಂಖ್ಯೆಗಳೇ. ನಮ್ಮ 108 ಮಾತ್ರ ಆ ಸಾಲಿಗೆ ಸೇರುವುದಿಲ್ಲ, ಏಕೆಂದರೆ 2² × 3 × 5 ಆಗಿರುವ 60ಕ್ಕೇ 12 ಭಾಜಕಗಳಿವೆ.