ಸೋಫಾ ಬದಲಿಸಲಿಲ್ಲ, ಬಲ್ಬು ಬದಲಿಸಿದೆ: ಮನೆಯನ್ನು ನನ್ನ ಹಾಗೆ ಮಾಡಿಕೊಂಡ ಬಗೆ

ಮನೆ ಚೆನ್ನಾಗಿ ಕಾಣಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗುತ್ತಾರೆ. ನಾನು ಮೊದಲು ಬಟ್ಟೆಯ ಬೀರು ತೆರೆದೆ. ನಮ್ಮ ರುಚಿ ಏನು ಅಂತ ಬಾಯಲ್ಲಿ ಹೇಳೋದು ಕಷ್ಟ. ಒಗೆಯುವ ಬುಟ್ಟಿ ಅದನ್ನು ಸರಿಯಾಗಿ ಹೇಳುತ್ತದೆ. ಯಾವ ಬಟ್ಟೆ ಮತ್ತೆ ಮತ್ತೆ ಒಗೆಯಲು ಬೀಳುತ್ತದೋ ಅದೇ ನಮಗೆ ನಿಜವಾಗಿ ಇಷ್ಟವಾದದ್ದು. ಉಳಿದದ್ದು ಬರೀ ಆಸೆ.

ಎಲ್ಲವನ್ನೂ ಮಂಚದ ಮೇಲೆ ಹರಡಿ ಎರಡು ರಾಶಿ ಮಾಡಿದೆ. ಹಾಕಿ ಹಾಕಿ ಸವೆದವು ಒಂದು ಕಡೆ, ಆಸೆಪಟ್ಟು ಕೊಂಡು ಮಡಚಿಟ್ಟವು ಇನ್ನೊಂದು ಕಡೆ. ಸವೆದ ರಾಶಿಯಲ್ಲಿ ಕಂಡದ್ದು ಮಾಸಿದ ನೀಲಿ, ಕೆನೆ ಬಣ್ಣ, ಅಲ್ಲಲ್ಲಿ ಒಂದಿಷ್ಟು ಇಟ್ಟಿಗೆ ಕೆಂಪು. ಹೆಚ್ಚುಕಮ್ಮಿ ಎಲ್ಲವೂ ಹತ್ತಿ. ಮಡಚಿಟ್ಟ ರಾಶಿಯಲ್ಲಿ ಹೊಳೆಯುವ ಬಟ್ಟೆ, ಅಂಗೈಯಗಲದ ಹೂವುಗಳು. ತಮಾಷೆ ಏನೆಂದರೆ, ಮನೆಯಲ್ಲಿ ಹಿಂದೆ ಇದ್ದವರು ಬಿಟ್ಟುಹೋದ ಪರದೆಗಳು ಪೂರ್ತಿ ಆ ಎರಡನೇ ರಾಶಿಯ ಜಾತಿಯವು! ನಾನು ಎಂದೂ ಮೈಮೇಲೆ ಹಾಕಿಕೊಳ್ಳದ ಬಟ್ಟೆಯ ನಡುವೆ ದಿನವಿಡೀ ಕೂತಿರುತ್ತಿದ್ದೆ. ಮನೆ ಯಾಕೆ ಬೇರೆ ಯಾರದ್ದೋ ಅನ್ನಿಸುತ್ತಿತ್ತು ಅಂತ ಆಗ ಹೊಳೆಯಿತು.

ಮೂರು ಬಣ್ಣ ಸಿಕ್ಕ ಮೇಲೆ ಅಳತೆಯ ಪ್ರಶ್ನೆ. ಒಳಾಂಗಣ ವಿನ್ಯಾಸದವರು 60-30-10 ಅಂತ ಒಂದು ಲೆಕ್ಕ ಹೇಳುತ್ತಾರೆ. ಕೋಣೆಯ ಬಹುಪಾಲು ಒಂದು ಬಣ್ಣ, ಅದರ ಅರ್ಧದಷ್ಟು ಇನ್ನೊಂದು, ಚಿಟಿಕೆಯಷ್ಟು ಮೂರನೆಯದು. ನನ್ನಲ್ಲಿ ಗೋಡೆ, ಚಾಪೆ ಎಲ್ಲ ಕೆನೆ. ಪರದೆ, ಮಂಚದ ಹೊದಿಕೆ ನೀಲಿ. ಇಟ್ಟಿಗೆ ಕೆಂಪು ಒಂದೆರಡು ದಿಂಬಿಗೆ ಮಾತ್ರ. ಇದನ್ನು ಟೇಪು ಹಿಡಿದು ಅಳೆಯಬೇಕಾಗಿಲ್ಲ. ಮೂರೂ ಬಣ್ಣಕ್ಕೆ ಸಮಪಾಲು ಕೊಡಬಾರದು, ಅಷ್ಟು ನೆನಪಿದ್ದರೆ ಸಾಕು.

ಬಣ್ಣ ಗೊತ್ತಾಯಿತು ಅಂತ ತಕ್ಷಣ ಬಟ್ಟೆ ಕೊಳ್ಳಲಿಲ್ಲ. ಮೊದಲು ಬೆಳಕು ಸರಿಮಾಡಿದೆ. ಇದಕ್ಕೆ ಕಾರಣವಿದೆ. ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ನೀಲಿಗಳು ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಆರಿಸಿದ ಬಟ್ಟೆ ಮನೆಯಲ್ಲಿ ಮಂಕಾಗುವುದು ಹೀಗೆಯೇ. ಆದ್ದರಿಂದ ಬಲ್ಬು ಮೊದಲು, ಬಟ್ಟೆ ಆಮೇಲೆ.

ಬಲ್ಬಿನ ಡಬ್ಬಿಯ ಮೇಲೆ ನಾನು ನೋಡುವುದು ಮೂರು ಅಂಕಿ. ಮೊದಲನೆಯದು ಕೆಲ್ವಿನ್. ಅದು ಬೆಳಕಿನ ಬಣ್ಣ. 2700 ಅಂದರೆ ಹಳದಿ ಬೆರೆತ ಬೆಚ್ಚಗಿನ ಬೆಳಕು, 4000 ಅಂದರೆ ಹೆಚ್ಚುಕಮ್ಮಿ ಬಿಳಿ, 6500 ಅಂದರೆ ನೀಲಿ ಛಾಯೆಯ ಬಿಳಿ. ನನ್ನ ಕೂರುವ ಕೋಣೆಯಲ್ಲಿ ಇದ್ದದ್ದು ನಟ್ಟನಡುವೆ ಒಂದೇ ಒಂದು 6500. ಅದರ ಕೆಳಗೆ ಕೂತರೆ, ಆಸ್ಪತ್ರೆಯಲ್ಲಿ ಕಾಯುವಾಗಿನ ಹಾಗೆ, ಯಾರೋ ಈಗ ಹೆಸರು ಕೂಗಿ ಒಳಗೆ ಕರೆಯುತ್ತಾರೆ ಅನ್ನಿಸುತ್ತಿತ್ತು. ಎರಡನೆಯದು ಲ್ಯೂಮೆನ್, ಅಂದರೆ ಬೆಳಕು ಎಷ್ಟು ಅನ್ನೋದು. ವ್ಯಾಟ್ ಹೇಳುವುದು ಎಷ್ಟು ಕರೆಂಟು ತಿನ್ನುತ್ತದೆ ಅಂತ ಮಾತ್ರ. ಸುಮಾರು 9 ವ್ಯಾಟಿನ ಎಲ್‌ಇಡಿ 800 ಲ್ಯೂಮೆನ್ ಆಸುಪಾಸು ಕೊಡುತ್ತದೆ. ಮೇಜಿನ ಮೇಲಿನ ದೀಪಕ್ಕೆ ಅದರ ಅರ್ಧ ಸಾಕು. ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದು ಸಿಆರ್‌ಐ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಅಳತೆ. ಪೂರ್ತಿ 100. ಸಾಮಾನ್ಯ ಬಲ್ಬುಗಳು 80ರ ಆಸುಪಾಸು ಇರುತ್ತವೆ. ನಾನು ಹುಡುಕಿ 90 ದಾಟಿದ್ದನ್ನು ತಂದೆ. ಕೆಂಪು ಬಣ್ಣದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಮೈಬಣ್ಣದಲ್ಲೂ ಅಷ್ಟೇ.

ನಡುವಿನ ದೀಪವನ್ನು ಕಿತ್ತುಹಾಕಲಿಲ್ಲ, ಕಸ ಗುಡಿಸಲು, ಬಿದ್ದ ಸೂಜಿ ಹುಡುಕಲು ಬೇಕಲ್ಲ. ಆದರೆ ಸಂಜೆ ಅದನ್ನು ಹಾಕುವುದಿಲ್ಲ. ಬದಲಿಗೆ ಮೂರು ಮೂಲೆಯಲ್ಲಿ ಮೂರು ಸಣ್ಣ ದೀಪ, ಮೂರೂ ಬೇರೆ ಬೇರೆ ಎತ್ತರದಲ್ಲಿ. ಕೂತಾಗ ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯದ ಹಾಗೆ ಇಟ್ಟಿದ್ದೇನೆ. ಬೆಳಕು ಮೇಲಿನಿಂದ ಸುರಿಯುವ ಬದಲು ಪಕ್ಕದಿಂದ ಬಂದರೆ ಮುಖದ ಮೇಲಿನ ಗಟ್ಟಿ ನೆರಳು ಕರಗುತ್ತದೆ. ಹೊಲಿಯುವ ಮೇಜಿಗೆ, ಅಡುಗೆಮನೆಗೆ ಮಾತ್ರ 4000ದ ಬಲ್ಬು ಹಾಕಿದ್ದೇನೆ. ಚಾಕು, ಸೂಜಿ ಹಿಡಿಯುವ ಕಡೆ ಮಂದ ಬೆಳಕಿನ ಶೋಕಿ ಬೇಡ.

ಮೊದಲ ಸಲ ನೋಡಿದ ಅಕ್ಕ ಬಾಗಿಲಲ್ಲೇ ನಿಂತಳು. "ಏನೇ ಇದು, ಕರೆಂಟು ಉಳಿಸ್ತಿದ್ದೀಯಾ?"

"ಕೂತ್ಕೋ ಅಕ್ಕ, ಆಮೇಲೆ ಹೇಳು" ಅಂದೆ.

ರಾತ್ರಿ ಊಟ ಮುಗಿದು ಎಷ್ಟೋ ಹೊತ್ತಾದರೂ ಅವಳು ಏಳಲಿಲ್ಲ. ಹೊರಡುವಾಗ ಬಲ್ಬಿನ ಡಬ್ಬಿಯ ಫೋಟೋ ತೆಗೆದುಕೊಂಡಳು. ಬೇರೆ ಏನೂ ಹೇಳಲಿಲ್ಲ, ಅವಳ ಸ್ವಭಾವವೇ ಹಾಗೆ.

ಇನ್ನು ಬಟ್ಟೆ. ಪರದೆಯಿಂದ ಶುರು ಮಾಡಿದೆ, ಯಾಕೆಂದರೆ ಕೋಣೆಯಲ್ಲಿ ಅತಿ ದೊಡ್ಡ ಬಟ್ಟೆಯ ತುಂಡು ಅದೇ. ಹೊಲಿಗೆಯ ಮಟ್ಟಿಗೆ ಅದಕ್ಕಿಂತ ಸುಲಭದ್ದು ಇಲ್ಲ, ಎಲ್ಲವೂ ನೇರ ಗೆರೆ. ಪರದೆಯ ಅಂದ ಇರುವುದು ಕೋಲಿನಲ್ಲಿ. ಕೋಲನ್ನು ಕಿಟಕಿಯ ಚೌಕಟ್ಟಿಗೇ ಅಂಟಿಸಿದ ಹಾಗೆ ಹಾಕಿದರೆ ಕಿಟಕಿ ಕುಗ್ಗಿದ ಹಾಗೆ ಕಾಣುತ್ತದೆ. ನಾನು ಚೌಕಟ್ಟಿನಿಂದ 15 ಸೆಂ.ಮೀ. ಮೇಲೆ, ಎರಡೂ ಪಕ್ಕ 20 ಸೆಂ.ಮೀ. ಆಚೆಯವರೆಗೆ ಹಾಕಿದೆ. ಈಗ ಪರದೆ ಸರಿಸಿದರೆ ಅದು ಗೋಡೆಯ ಮೇಲೆ ಹೋಗಿ ನಿಲ್ಲುತ್ತದೆ, ಗಾಜು ಪೂರ್ತಿ ಬಿಡುವಾಗುತ್ತದೆ. ಕಿಟಕಿ ದೊಡ್ಡದಾದ ಹಾಗೆ ಕಾಣುತ್ತದೆ, ಬೆಳಕೂ ಜಾಸ್ತಿ.

ಬಟ್ಟೆಯ ಅಗಲ ಕೋಲಿನ ಉದ್ದದ ಎರಡರಷ್ಟು ಇರಬೇಕು. ದಪ್ಪ ಬಟ್ಟೆಯಾದರೆ ಒಂದೂವರೆಯಷ್ಟು ಸಾಕು. ಇದರಲ್ಲಿ ಜಿಪುಣತನ ಮಾಡಿದರೆ ನೆರಿಗೆಯೇ ಬೀಳುವುದಿಲ್ಲ, ಒಣಗಲು ಹಾಕಿದ ಬೆಡ್‌ಶೀಟಿನ ಹಾಗೆ ಕಾಣುತ್ತದೆ. ದುಬಾರಿ ಬಟ್ಟೆಯನ್ನು ಕಡಿಮೆ ತರುವುದಕ್ಕಿಂತ ಸಾದಾ ಹತ್ತಿಯನ್ನು ಧಾರಾಳವಾಗಿ ತರುವುದು ಮೇಲು ಅನ್ನೋದು ನನ್ನ ಅಭಿಪ್ರಾಯ.

ಕತ್ತರಿಸುವ ಮೊದಲು ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಲೇಬೇಕು. ಹತ್ತಿ ಮೊದಲ ಒಗೆತಕ್ಕೆ ಶೇ. 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. 2.5 ಮೀಟರ್ ಪರದೆಯಲ್ಲಿ ಶೇ. 5 ಅಂದರೆ 12 ಸೆಂ.ಮೀ.ಗೂ ಜಾಸ್ತಿ. ಮೊಣಕಾಲ ಮೇಲಿನ ಪ್ಯಾಂಟ್ ಹಾಕಿದ ಕಿಟಕಿಯನ್ನು ಯಾರಿಗೆ ನೋಡಬೇಕೆನಿಸುತ್ತದೆ? ಕೆಳಗಿನ ಅಂಚನ್ನು 10 ಸೆಂ.ಮೀ.ಯಂತೆ ಎರಡು ಸಲ ಮಡಚಿದೆ. ಆ ತೂಕಕ್ಕೆ ಪರದೆ ನೇರವಾಗಿ ಇಳಿಬೀಳುತ್ತದೆ. ಆದರೆ ಅಂಚನ್ನು ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಮಾತ್ರ ಹಾಕಿ, ಪರದೆಯನ್ನು ಕೆಲವು ದಿನ ನೇತುಹಾಕಿ ಬಿಟ್ಟೆ. ಬಟ್ಟೆ ತನ್ನ ಭಾರಕ್ಕೆ ಸ್ವಲ್ಪ ಇಳಿಯುತ್ತದೆ. ಇಳಿದು ನಿಂತ ಮೇಲೆ, ನೆಲಕ್ಕೆ 1 ಸೆಂ.ಮೀ. ಬಿಟ್ಟು ಮಷಿನ್ ಹೊಲಿಗೆ ಹಾಕಿದೆ. ನೀಲಿ ಬಣ್ಣ ಬಿಸಿಲಿಗೆ ಬೇಗ ಮಾಸಬಾರದು ಅಂತ ಹಿಂದೆ ತೆಳು ಬಿಳಿ ಬಟ್ಟೆಯ ಅಸ್ತರಿ ಕೊಟ್ಟಿದ್ದೇನೆ.

ದಿಂಬಿನ ಗವಸಿನ ವಿಷಯಕ್ಕೆ ಬಂದರೆ ನನಗೆ ಉತ್ಸಾಹ ಜಾಸ್ತಿ, ಕ್ಷಮಿಸಿ. ಜಿಪ್ ಇಲ್ಲದ ಗವಸಿಗೆ 42 ಸೆಂ.ಮೀ. ಅಗಲ, 100 ಸೆಂ.ಮೀ. ಉದ್ದದ ಒಂದೇ ಪಟ್ಟಿ ಸಾಕು. ಎರಡೂ ಗಿಡ್ಡ ಅಂಚುಗಳನ್ನು 1 ಸೆಂ.ಮೀ.ಯಂತೆ ಎರಡು ಮಡಿಕೆ ಮಡಚಿ ಹೊಲಿದರೆ 96 ಉಳಿಯುತ್ತದೆ. ಬಟ್ಟೆಯ ಒಳ್ಳೆಯ ಮುಖ ಮೇಲೆ ಬರುವಂತೆ ಹಾಸಿ. ಮಧ್ಯದ 40 ಸೆಂ.ಮೀ. ಬಿಟ್ಟು ಎರಡೂ ತುದಿಗಳನ್ನು ಒಳಕ್ಕೆ ಮಡಚಿ. ತುದಿಗಳು ಒಂದರ ಮೇಲೊಂದು 16 ಸೆಂ.ಮೀ. ಕೂರುತ್ತವೆ. ಎರಡು ಪಕ್ಕಗಳಲ್ಲಿ 1 ಸೆಂ.ಮೀ. ಒಳಗೆ ಹೊಲಿದು, ತಿರುಗಿಸಿದರೆ 40ಕ್ಕೆ 40ರ ಗವಸು ರೆಡಿ. ಒಳಗೆ 45 ಸೆಂ.ಮೀ.ಯ ದಿಂಬು ತುರುಕಿ. ಗವಸಿಗಿಂತ ದಿಂಬು ಸ್ವಲ್ಪ ದೊಡ್ಡದಿದ್ದರೇನೇ ಮೂಲೆಗಳು ತುಂಬಿ ನಿಲ್ಲುತ್ತವೆ.

ಹಳೆಯ ಶರಟಿನದು ಇನ್ನೂ ಸೊಗಸು. ಗುಂಡಿಗಳನ್ನೆಲ್ಲ ಹಾಕಿದ ಸ್ಥಿತಿಯಲ್ಲೇ ಶರಟನ್ನು ಉಲ್ಟಾ ಮಾಡಿ ಚಪ್ಪಟೆ ಹಾಸುತ್ತೇನೆ. ಗುಂಡಿಪಟ್ಟಿ ನಡುವೆ ಬರುವ ಹಾಗೆ 42 ಸೆಂ.ಮೀ. ಚೌಕ ಗುರುತು ಮಾಡಿ, ಮುಂಭಾಗ ಹಿಂಭಾಗ ಎರಡನ್ನೂ ಒಟ್ಟಿಗೆ ಕತ್ತರಿಸುತ್ತೇನೆ. ನಾಲ್ಕೂ ಪಕ್ಕ ಹೊಲಿದು, ಗುಂಡಿ ಬಿಚ್ಚಿ, ಒಳಗಿನದನ್ನು ಹೊರಕ್ಕೆ ತಿರುಗಿಸಿದರೆ ಮುಗಿಯಿತು. ಮುಚ್ಚಲು ಗುಂಡಿಗಳು ಆಗಲೇ ಇವೆ! ಕತ್ತರಿಸುವ ಗೆರೆಯಾಗಲಿ ಹೊಲಿಗೆಯ ಗೆರೆಯಾಗಲಿ ಗುಂಡಿಯ ಮೇಲೆ ಹಾಯದಂತೆ ಮಾತ್ರ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ಜೇಬು ಚೌಕದೊಳಗೆ ಬಂದರೆ ಹಾಗೇ ಬಿಡುತ್ತೇನೆ, ಓದುವ ಕನ್ನಡಕಕ್ಕೆ ಜಾಗವಾಗುತ್ತದೆ. ಅಪ್ಪನ ಒಂದು ಶರಟು ಈಗ ಸೋಫಾದ ಮೇಲಿದೆ. ಅವರು ಬಂದರೆ ಅದನ್ನೇ ಎತ್ತಿ ಬೆನ್ನಿಗೆ ಇಟ್ಟುಕೊಳ್ಳುತ್ತಾರೆ.

ಸೂಜಿಯ ಮಾತು ಬಂತಲ್ಲ, ಶರಟಿನ ಬಟ್ಟೆಗೆ 80ರ ಸೂಜಿ, ಪರದೆಯ ಹತ್ತಿಗೆ 90, ಜೀನ್ಸ್ ತುಂಡು ಸೇರಿಸಿದರೆ 100. ಅಂಕಿ ಹೆಚ್ಚಿದಷ್ಟೂ ಸೂಜಿ ದಪ್ಪ. ಹೊಲಿಗೆಯ ಉದ್ದ ಸಾಮಾನ್ಯಕ್ಕೆ 2.5 ಮಿ.ಮೀ., ಜೀನ್ಸಿಗೆ 3. ಮಷಿನ್ ನಡುನಡುವೆ ಹೊಲಿಗೆ ತಪ್ಪಿಸುತ್ತಿದ್ದರೆ ಮಷಿನನ್ನು ಬೈಯುವ ಮೊದಲು ಸೂಜಿ ಬದಲಿಸಿ ನೋಡಿ. ತುಂಬಾ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಪರದೆ, ದಿಂಬು, ಚಾಪೆ ಬಂದ ಮೇಲೆ ನಾನು ನಿರೀಕ್ಷಿಸದ ಒಂದು ಬದಲಾವಣೆ ಆಯಿತು. ಕೋಣೆಯ ಸದ್ದು ಬದಲಾಯಿತು. ಬರೀ ಗೋಡೆ, ಟೈಲ್ಸ್, ಗಾಜು ಇದ್ದಾಗ ಶಬ್ದ ಅವಕ್ಕೆ ಬಡಿದು ವಾಪಸು ಬರುತ್ತದೆ. ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಈಗ ಫೋನಿನಲ್ಲಿ ಮಾತಾಡಿದರೆ ಆಚೆ ಬದಿಯವರು "ಬಾತ್‌ರೂಮಲ್ಲಿ ಇದ್ದೀರಾ?" ಅಂತ ಕೇಳುವುದಿಲ್ಲ. ಮನೆ ಬೆಚ್ಚಗಿದೆ ಅಂತ ನಾವು ಹೇಳುವುದರಲ್ಲಿ ಕಿವಿಯ ಪಾಲು ಬಹಳ ಇದೆ ಅಂತ ನನಗೆ ಅನ್ನಿಸುತ್ತದೆ.

ಮರದ ಕೆಲಸ ನಾನು ಮಾಡಿದ್ದು ಒಂದು ಹಳೆಯ ಸ್ಟೂಲಿಗೆ ಮಾತ್ರ. ಅದಕ್ಕೆ ಬರೀ ವಾರ್ನಿಷ್ ಇತ್ತು, ಬಣ್ಣ ಇರಲಿಲ್ಲ. ತೀರಾ ಹಳೆಯ ಬಣ್ಣ ಬಳಿದ ಸಾಮಾನಾದರೆ ನಾನು ಉಜ್ಜಲು ಹೋಗುತ್ತಿರಲಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಆ ಧೂಳು ಒಳಗೆ ಹೋಗುವುದು ಒಳ್ಳೆಯದಲ್ಲ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಸ್ಟೂಲನ್ನು ಮಾಸ್ಕ್ ಹಾಕಿಕೊಂಡು ಉಜ್ಜಿದೆ, ಮೊದಲು 80ರ ಉಪ್ಪುಕಾಗದ, ಆಮೇಲೆ 120, ಕೊನೆಗೆ 220. ಇಲ್ಲಿ ಅಂಕಿ ಹೆಚ್ಚಿದಷ್ಟೂ ಕಾಗದ ನಯ. ಯಾವಾಗಲೂ ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮರದ ಸಣ್ಣ ನಾರುಗಳು ಏಳುತ್ತವೆ, ಆಗ ಇನ್ನೊಮ್ಮೆ 220 ಆಡಿಸಿದರೆ ಮೇಲ್ಮೈ ನುಣುಪಾಗುತ್ತದೆ.

ಮೇಲೆ ಅಗಸೆ ಎಣ್ಣೆ ಹಚ್ಚಿದೆ. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ದಪ್ಪಗೆ ಬಿಟ್ಟರೆ ಅಂಟಂಟಾಗಿ ಉಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಓದಿ ಮುಂದೆ ಹೋಗಿ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದುಡಿ ಕಸದ ಬುಟ್ಟಿಗೆ ಹಾಕಬಾರದು. ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ, ಬೆಂಕಿ ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ನಾನು ಅದನ್ನು ಹೊರಗೆ ಒಂದೇ ಪದರವಾಗಿ ಹರಡಿ, ಗಟ್ಟಿಯಾಗುವವರೆಗೆ ಒಣಗಿಸಿ ಆಮೇಲೆ ಬಿಸಾಡಿದೆ.

ಗೋಡೆಗೆ ಹೆಚ್ಚೇನೂ ಮಾಡಲಿಲ್ಲ. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿ, ಅಂದರೆ ಸುಮಾರಾಗಿ ನಿಂತವರ ಕಣ್ಣಿನ ಮಟ್ಟಕ್ಕೆ ಬರಲಿ. ಸೋಫಾದ ಮೇಲೆ ಹಾಕುವುದಾದರೆ ಚಿತ್ರಕ್ಕೂ ಸೋಫಾದ ಬೆನ್ನಿಗೂ 15–20 ಸೆಂ.ಮೀ. ಸಾಕು. ಮೊಳೆ ಹೊಡೆಯುವ ಮೊದಲು ನ್ಯೂಸ್‌ಪೇಪರನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ ಅಂಟಿಸಿ, ಎರಡು ದಿನ ಓಡಾಡುತ್ತಾ ನೋಡಿ. ಗಾದೆಮಾತು ಬರೆದ ಹಲಗೆ, ಪ್ಲಾಸ್ಟಿಕ್ ಬಳ್ಳಿ, ಸೆಟ್ಟಾಗಿ ಮಾರುವ ಚಿತ್ರಗಳು ನನ್ನ ಮನೆಗೆ ಬಂದಿಲ್ಲ. ಬೇರೆಯವರಿಗೆ ಇಷ್ಟವಿದ್ದರೆ ಧಾರಾಳವಾಗಿ ಹಾಕಲಿ. ನನ್ನ ಬೀರುವಿನಲ್ಲಿ ಅವಕ್ಕೆ ಹೊಂದುವ ಬಟ್ಟೆ ಒಂದೂ ಇಲ್ಲ, ಅಷ್ಟೇ.

ಈಗ ಕೈಯಲ್ಲಿರುವುದು ಊಟದ ಕುರ್ಚಿಗಳ ಸೀಟು. ಅಡಿಯಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದರೆ ಸೀಟು ಬೇರೆಯಾಗಿ ಬರುತ್ತದೆ. ಹಳೆಯ ಬಟ್ಟೆಯನ್ನೇ ಅಳತೆಯಾಗಿಟ್ಟು ಹೊಸದನ್ನು ಕತ್ತರಿಸುತ್ತಿದ್ದೇನೆ. ಸ್ಟೇಪಲ್ ಮೊದಲು ನಾಲ್ಕೂ ಪಕ್ಕದ ಮಧ್ಯಕ್ಕೆ, ಎದುರು ಬದುರಾಗಿ ಎಳೆದು ಒಂದೊಂದು. ಆಮೇಲೆ ಅಲ್ಲಿಂದ ಮೂಲೆಗಳ ಕಡೆಗೆ. ಮೂಲೆಯಿಂದ ಶುರು ಮಾಡಿದರೆ ಬಟ್ಟೆಯ ಪಟ್ಟೆ ಓರೆಯಾಗುತ್ತದೆ. ಎರಡು ಕುರ್ಚಿ ಆಗಿವೆ, ನಾಲ್ಕು ಬಾಕಿ. ಅಕ್ಕ ಅವಳ ಮನೆಯ ಕುರ್ಚಿಗಳನ್ನೂ ತಂದು ಇಲ್ಲಿ ಇಳಿಸುವ ಮಾತಾಡುತ್ತಿದ್ದಾಳೆ.